ಮಾನವ ವಿಕಾಸದ ಐದು ತಲೆಬುರುಡೆಗಳ ಬೋಧನಾ ಸೆಟ್: ಒಂದು ವಿಮರ್ಶೆ

ಕಲಬುರಗಿಯ ನಮ್ಮ ಪದವಿ ಪೂರ್ವ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ತರಿಸಿದ ತಲೆಬುರುಡೆಗಳ ಸೆಟ್ಟನ್ನು ಒಂದು ಶೈಕ್ಷಣಿಕ ವರ್ಷ ಪೂರ್ತಿ ತರಗತಿಯಲ್ಲಿ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇದರಲ್ಲಿ ರೆಸಿನ್‌ನಿಂದ ಎರಕ ಹೊಯ್ದ, ನಿಜ ಗಾತ್ರದ ಐದು ಪ್ರತಿಕೃತಿಗಳಿವೆ: ಟೌಂಗ್ ಮಗು, ಆಫ್ರಿಕಾದ ಆದಿ ಪೂರ್ವಜರ ಪ್ರಭೇದವಾದ ಆಸ್ಟ್ರಲೋಪಿತೆಕಸ್ ಅಫರೆನ್ಸಿಸ್, ಪೀಕಿಂಗ್ ಮಾನವ, ಫ್ರಾನ್ಸಿನ ಲಾ ಷಪೆಲ್‌ನಲ್ಲಿ ಸಿಕ್ಕ ನಿಯಾಂಡರ್ತಲ್ ಮತ್ತು ಇಂದಿನ ಮಾನವ. ಸಾಗಣೆಯೂ ಸೇರಿ ಇದರ ಬೆಲೆ ಮಧ್ಯಮ ದರ್ಜೆಯ ಒಂದು ಸೂಕ್ಷ್ಮದರ್ಶಕದ ಬೆಲೆಗೆ ಸಮನಾಗುತ್ತದೆ. ಇಂತಹ ಪ್ರತಿಕೃತಿಗಳನ್ನು ಕೊಳ್ಳುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಒಂದೇ ಸಂಗತಿಯನ್ನು: ನೆಲದಿಂದ ಸಿಕ್ಕ ಮೂಳೆ ಎಲ್ಲಿಗೆ ಮುಗಿಯಿತು, ತಜ್ಞರು ಊಹಿಸಿ ತುಂಬಿದ ಭಾಗ ಎಲ್ಲಿಂದ ಶುರುವಾಯಿತು ಎಂಬುದು ವಿದ್ಯಾರ್ಥಿಯ ಕಣ್ಣಿಗೆ ಕಾಣುತ್ತದೆಯೇ? ಈ ಸೆಟ್ಟು ಆ ಪರೀಕ್ಷೆಯಲ್ಲಿ ಒಂದು ಕಡೆ ಬಹಳ ಚೆನ್ನಾಗಿ ಗೆದ್ದಿದೆ, ಇನ್ನೊಂದು ಕಡೆ ಪೂರ್ತಿ ಸೋತಿದೆ.

ಗೆದ್ದಿರುವುದು ಟೌಂಗ್ ಮಗುವಿನಲ್ಲಿ. ದಕ್ಷಿಣ ಆಫ್ರಿಕಾದ ಸುಣ್ಣಕಲ್ಲಿನ ಗಣಿಯಲ್ಲಿ 1924ರಲ್ಲಿ ಸಿಕ್ಕ, ಮರುವರ್ಷ ರೇಮಂಡ್ ಡಾರ್ಟ್ ಅವರು ಆಸ್ಟ್ರಲೋಪಿತೆಕಸ್ ಆಫ್ರಿಕಾನಸ್ ಎಂದು ಹೆಸರಿಟ್ಟ ಈ ಪಳೆಯುಳಿಕೆಯಲ್ಲಿ ಉಳಿದಿರುವುದು ಮುಖ, ಕೆಳದವಡೆ ಮತ್ತು ಬುರುಡೆಯೊಳಗೆ ತುಂಬಿಕೊಂಡು ಕಲ್ಲಾದ ಮಿದುಳಿನ ಅಚ್ಚು, ಇಷ್ಟೇ. ತಯಾರಕರು ಈ ಮೂರನ್ನೂ ಬಿಡಿ ತುಂಡುಗಳಾಗಿ ಕೊಟ್ಟಿದ್ದಾರೆ. ಇಲ್ಲದ ಬುರುಡೆಯನ್ನು ಸೇರಿಸಿ ಚಂದಗಾಣಿಸುವ ಗೋಜಿಗೆ ಹೋಗಿಲ್ಲ. ಮಿದುಳಿನ ಅಚ್ಚಿನ ಒಂದು ಪಕ್ಕದಲ್ಲಿ ಮಡಿಕೆಗಳ ಗುರುತುಗಳು ಬೆರಳಿಗೆ ತಾಕುವಷ್ಟು ಸ್ಪಷ್ಟವಾಗಿವೆ. ದವಡೆಯಲ್ಲಿ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತಿರುವುದು ಕಾಣುತ್ತದೆ. ಇಂದಿನ ಮಕ್ಕಳ ಲೆಕ್ಕದಲ್ಲಿ ಅದು ಆರು ವರ್ಷದ ಗುರುತು. ಆದರೆ ಆ ಜೀವಿಗಳ ಹಲ್ಲುಗಳು ನಮಗಿಂತ ಬೇಗ ಬೆಳೆಯುತ್ತಿದ್ದವೆಂದು ತಿಳಿದ ಮೇಲೆ ಮಗುವಿನ ವಯಸ್ಸನ್ನು ಮೂರು-ನಾಲ್ಕು ವರ್ಷಕ್ಕೆ ಇಳಿಸಲಾಯಿತು. ಕಣ್ಣುಗೂಡಿನ ತಳದ ಸಣ್ಣ ಗುರುತುಗಳೂ ಎರಕದಲ್ಲಿ ಉಳಿದಿವೆ. ಹದ್ದು ಹಿಡಿದ ಕೋತಿಗಳ ಬುರುಡೆಯಲ್ಲಿ ಇಂತಹವೇ ಗುರುತುಗಳಿರುವುದರಿಂದ, ಈ ಮಗುವೂ ಹದ್ದಿಗೆ ಬೇಟೆಯಾಗಿರಬಹುದು ಎಂಬ ವಾದವಿದೆ. ಸುಮಾರು 25 ಲಕ್ಷ ವರ್ಷಗಳಿಗೂ ಹಿಂದೆ ಸತ್ತ ಮಗುವೊಂದರ ಬಗ್ಗೆ ಇಷ್ಟನ್ನು ಒಂದು ಹಿಡಿಯಷ್ಟು ಮೂಳೆ ಹೇಳಬಲ್ಲದು ಎಂಬುದನ್ನು ಪುಸ್ತಕದ ಚಿತ್ರ ತೋರಿಸಿ ಮನಗಾಣಿಸಲು ನನಗೆ ಎಂದೂ ಸಾಧ್ಯವಾಗಿರಲಿಲ್ಲ.

ಸೋತಿರುವುದು ಅಫರೆನ್ಸಿಸ್‌ನಲ್ಲಿ. ಪೀಠದ ಮೇಲಿನ ಹಿತ್ತಾಳೆ ಫಲಕದಲ್ಲಿ ‘ಲೂಸಿಯ ತಲೆಬುರುಡೆ’ ಎಂದು ಕೆತ್ತಿದ್ದಾರೆ. 1974ರಲ್ಲಿ ಇಥಿಯೋಪಿಯಾದ ಹದಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್ ಅವರ ತಂಡಕ್ಕೆ ಸಿಕ್ಕ, 32 ಲಕ್ಷ ವರ್ಷ ಹಳೆಯ ಲೂಸಿಯ ಅಸ್ಥಿಪಂಜರದಲ್ಲಿ ಸುಮಾರು ಶೇ 40ರಷ್ಟು ಭಾಗ ಉಳಿದಿದೆ ನಿಜ, ಆದರೆ ಅದರಲ್ಲಿ ಕೆಳದವಡೆಯನ್ನು ಬಿಟ್ಟರೆ ತಲೆಯದೆಂದು ಹೇಳಬಹುದಾದದ್ದು ಕೆಲವು ಚೂರುಗಳು ಮಾತ್ರ. ಆ ಪ್ರಭೇದದ ಬಹುಮಟ್ಟಿಗೆ ಪೂರ್ಣವಾದ ವಯಸ್ಕ ಬುರುಡೆ ಅದೇ ಹದಾರ್‌ನಲ್ಲಿ ಸಿಕ್ಕಿದ್ದು 1992ರಲ್ಲಿ, ಅದೂ ಬೇರೆಯೇ ಒಬ್ಬ ವ್ಯಕ್ತಿಯದು. ನಮ್ಮ ಕೈಗೆ ಬಂದಿರುವ ಪ್ರತಿಕೃತಿಯಾದರೋ ಆದ್ಯಂತ ಒಂದೇ ಕಂದು ಬಣ್ಣದಲ್ಲಿದ್ದು, ಮೂಳೆಯಾವುದು ತುಂಬಿದ್ದಾವುದು ಎಂದು ಹೇಳುವ ಒಂದು ಗೆರೆಯೂ ಅದರ ಮೇಲಿಲ್ಲ. ಒಳ್ಳೆಯ ಎರಕಗಳಲ್ಲಿ ತುಂಬಿದ ಭಾಗಕ್ಕೆ ತಿಳಿ ಬಣ್ಣ ಹಚ್ಚುವ ರೂಢಿಯಿದೆ. ಅದನ್ನು ಇಲ್ಲಿ ಕೈಬಿಟ್ಟಿರುವುದು ಸಣ್ಣ ಲೋಪವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ವಿಕಾಸವನ್ನು ಒಪ್ಪದವರು ಮೊದಲು ಎತ್ತುವ ಆಕ್ಷೇಪವೇ ‘ಇದೆಲ್ಲ ಕಲ್ಪಿಸಿ ಮಾಡಿದ್ದು’ ಎಂಬುದು. ಲೂಸಿಯ ನಿಜವಾದ ಮಹತ್ವ ಇರುವುದು ಸೊಂಟದ ಮೂಳೆಯಲ್ಲಿ ಮತ್ತು ಮೊಣಕಾಲಿನತ್ತ ಒಳಕ್ಕೆ ವಾಲಿರುವ ತೊಡೆಮೂಳೆಯಲ್ಲಿ. ಮಿದುಳು ಹಿಗ್ಗುವುದಕ್ಕೆ ಬಹಳ ಮೊದಲೇ ನಮ್ಮ ಪೂರ್ವಜರು ಎರಡು ಕಾಲಿನ ಮೇಲೆ ನಡೆಯುತ್ತಿದ್ದರು ಎಂಬುದಕ್ಕೆ ಅವೇ ಸಾಕ್ಷಿ. ಆ ಹೆಸರನ್ನು ಬಳಸಲೇಬೇಕಿದ್ದರೆ ಆ ಎರಡು ಮೂಳೆಗಳ ಎರಕವನ್ನು ಕೊಡಬೇಕಿತ್ತು.

ಪೀಕಿಂಗ್ ಮಾನವನದು ಹಲವು ವ್ಯಕ್ತಿಗಳ ತುಣುಕುಗಳನ್ನು ಕೂಡಿಸಿ ರೂಪಿಸಿದ ಬುರುಡೆ, ಫಲಕದಲ್ಲಿ ಆ ಮಾತನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಪ್ರತಿಕೃತಿ ಎಂದರೆ ಬರೀ ಪ್ರದರ್ಶನದ ಗೊಂಬೆ ಎಂದು ಭಾವಿಸುವ ಆಡಳಿತ ಮಂಡಳಿಯವರಿಗೆ ನಾನು ತೋರಿಸುವುದು ಇದನ್ನೇ. ಚೀನಾದ ಬೀಜಿಂಗ್ ಬಳಿಯ ಝೌಕೌಡಿಯನ್ ಗುಹೆಯಲ್ಲಿ 1929ರಿಂದ ಸಿಕ್ಕ ಬುರುಡೆಗಳ ಮೂಲ ಮೂಳೆಗಳು 1941ರಲ್ಲಿ ಯುದ್ಧದ ಗದ್ದಲದಲ್ಲಿ ಕಳೆದುಹೋದವು, ಇಂದಿಗೂ ಪತ್ತೆಯಾಗಿಲ್ಲ. ಆ ಮೊದಲೇ, ಅವುಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಫ್ರಾಂಜ್ ವೈಡನ್‌ರೈಖ್ ಅವರು ಮಾಡಿಟ್ಟಿದ್ದ ವಿವರಣೆಗಳು ಮತ್ತು ತೆಗೆಸಿಟ್ಟಿದ್ದ ಎರಕಗಳೇ ಇಂದು ಆ ಮೂಳೆಗಳ ಅಧ್ಯಯನಕ್ಕೆ ಆಧಾರ.

ನಿಯಾಂಡರ್ತಲ್ ಬುರುಡೆಯ ಒಳಭಾಗ ಟೊಳ್ಳಾಗಿರುವುದರಿಂದ, ಬುರುಡೆಯ ತಳದಲ್ಲಿ ಬೆನ್ನುಹುರಿ ಹಾದುಹೋಗುವ ಮಹಾರಂಧ್ರದ ಮೂಲಕ ಬಿಳಿಜೋಳ ತುಂಬಿ, ಅಳತೆಯ ಜಾಡಿಗೆ ಸುರಿದು ಮಿದುಳಿನ ಗಾತ್ರವನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ರೆಸಿನ್ ಗೋಡೆ ದಪ್ಪವಿರುವ ಕಾರಣ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ. ಹಾಗಿದ್ದರೂ ದ್ವಿತೀಯ ಪಿಯುಸಿ ಪಠ್ಯದಲ್ಲಿ ನಿಯಾಂಡರ್ತಲ್‌ಗೆ 1,400 ಘನ ಸೆಂ.ಮೀ. ಎಂದಿರುವಾಗ ಈ ವ್ಯಕ್ತಿಯದು 1,600ರ ಆಸುಪಾಸು ಎಂದು ತಜ್ಞರು ಹೇಳುವುದೇಕೆ ಎಂಬ ಚರ್ಚೆಗೆ, ಅಂದರೆ ಸರಾಸರಿಗೂ ಒಬ್ಬ ವ್ಯಕ್ತಿಗೂ ಇರುವ ವ್ಯತ್ಯಾಸದ ಚರ್ಚೆಗೆ, ಇದು ದಾರಿ ಮಾಡಿಕೊಡುತ್ತದೆ. ಹಲ್ಲು ಬಿದ್ದು, ಗೂಡು ಮುಚ್ಚಿ ನಯವಾದ ದವಡೆಯ ಅಂಚನ್ನು ನಮ್ಮ ವಿದ್ಯಾರ್ಥಿಗಳು ಬಹಳ ಹೊತ್ತು ಸವರಿ ನೋಡಿದರು. ಹಲ್ಲು ಹೋದ ಮೇಲೂ ಈತ ಸಾಕಷ್ಟು ಕಾಲ ಬದುಕಿದ್ದ ಎಂಬುದು ಅವರಿಗೆ ಯಾರೂ ಹೇಳದೆಯೇ ತಿಳಿಯಿತು. ಪೀಕಿಂಗ್ ಮತ್ತು ಅಫರೆನ್ಸಿಸ್ ಬುರುಡೆಗಳು ಮಾತ್ರ ಒಳಗೆ ಗಟ್ಟಿ. ಅವುಗಳಲ್ಲಿ ಮಹಾರಂಧ್ರ ಇರಬೇಕಾದ ಜಾಗದಲ್ಲಿ ಒಂದು ತಗ್ಗು ಇದೆ, ಅಷ್ಟೆ. ಬುರುಡೆಯ ಕೆಳಗೆ ಆ ರಂಧ್ರ ಮುಂದಕ್ಕೆ ಇದೆಯೋ ಹಿಂದಕ್ಕೆ ಇದೆಯೋ ಎಂಬುದು ನೆಟ್ಟಗಿನ ನಡಿಗೆಯ ಪ್ರಮುಖ ಸುಳಿವಾಗಿರುವಾಗ, ಹೋಲಿಕೆಗೆ ಚಿಂಪಾಂಜಿಯ ಬುರುಡೆಯನ್ನು ಸೆಟ್ಟಿನಲ್ಲಿ ಸೇರಿಸದೆ ಪ್ರತ್ಯೇಕವಾಗಿ ಮಾರುತ್ತಿರುವುದೂ ಸರಿಯಲ್ಲ.

ಜೊತೆಗೆ ಬರುವ ಗೋಡೆಪಟವನ್ನು ನಾವು ತೂಗುಹಾಕಿಲ್ಲ. ಬಾಗಿದ ವಾನರನಿಂದ ನೆಟ್ಟಗೆ ನಿಂತ ಮಾನವನವರೆಗೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಡೆಸುವ ಹಳೆಯ ಚಿತ್ರವೇ ಅದರಲ್ಲಿದೆ. ಪೂರ್ವ ಆಫ್ರಿಕಾದಲ್ಲಿ ಪ್ಯಾರಾಂತ್ರೋಪಸ್ ಮತ್ತು ಹೋಮೋ ಎರೆಕ್ಟಸ್ ಎಂಬ ಎರಡು ಬೇರೆ ಕವಲುಗಳು ಒಂದೇ ಕಾಲದಲ್ಲಿ, ಒಂದೇ ಸೀಮೆಯಲ್ಲಿ ಬದುಕಿದ್ದವೆಂದು ಪಳೆಯುಳಿಕೆಗಳು ತೋರಿಸಿರುವಾಗ ಕವಲುಗಳಿಲ್ಲದ ಪಟ ಮಕ್ಕಳನ್ನು ದಾರಿ ತಪ್ಪಿಸುತ್ತದೆ.

ನಮ್ಮ ಭಾಗಕ್ಕೆ ಸಂಬಂಧಿಸಿದ ಒಂದು ಕೊರತೆಯನ್ನೂ ಹೇಳಬೇಕು. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಉತ್ಖನನ ಮಾಡಿದ ನೆಲೆಯಲ್ಲಿ, ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಆದಿಮಾನವರ ಕಾರ್ಯಾಗಾರವೇ ಬೆಳಕಿಗೆ ಬಂದಿದೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳ ಕಾಲನಿರ್ಣಯದಿಂದ ಅದು ಸುಮಾರು 12 ಲಕ್ಷ ವರ್ಷ ಹಳೆಯದೆಂದು ಅಂದಾಜಿಸಲಾಗಿದೆ. ಆ ಉಪಕರಣಗಳನ್ನು ಮಾಡಿದವರ ಮೂಳೆ ಅಲ್ಲಿ ಸಿಕ್ಕಿಲ್ಲ. ಭಾರತದಲ್ಲಿ ಅಂತಹ ಪ್ರಾಚೀನ ಬುರುಡೆ ಎಂದರೆ 1982ರಲ್ಲಿ ನರ್ಮದಾ ತೀರದ ಹಥನೋರಾದಲ್ಲಿ ಅರುಣ್ ಸೋನಕಿಯಾ ಅವರಿಗೆ ಸಿಕ್ಕ ಅರ್ಧ ಭಾಗವೇ. ಸುರಪುರ, ಹುಣಸಗಿ ಕಡೆಯಿಂದ ಬಂದು ಓದುವ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ಅವರ ಹೊಲದ ಬದಿಯಲ್ಲೇ ಈ ಕಥೆಯ ಒಂದು ಅಧ್ಯಾಯವಿದೆ ಎಂದು ತೋರಿಸಲು ಹಥನೋರಾ ಬುರುಡೆಯ ಮತ್ತು ಒಂದು ಕೈಗೊಡಲಿಯ ಎರಕ ಈ ಪೆಟ್ಟಿಗೆಯಲ್ಲಿ ಇರಲೇಬೇಕಿತ್ತು.

ತಲುಪಿಸುವ ವ್ಯವಸ್ಥೆಯ ಬಗ್ಗೆ ದೂರಿಲ್ಲ. ಕೆನ್ನೆಯ ಮೂಳೆಯ ಕಮಾನು ಮುರಿದು ಬಂದಿದ್ದ ನಿಯಾಂಡರ್ತಲ್ ಬುರುಡೆಯನ್ನು ಮಾರಾಟಗಾರರು ತಕರಾರಿಲ್ಲದೆ ಬದಲಾಯಿಸಿಕೊಟ್ಟರು. ದವಡೆಯನ್ನು ಹಿಡಿದಿಡುವ ಸ್ಪ್ರಿಂಗಿಗೆ ಹಾಕಿದ ಅಂಟು ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಮೆತ್ತಗಾಗುತ್ತದೆ, ಆದ್ದರಿಂದ ಕಿಟಕಿಯ ಬಳಿ ಇಡಬಾರದು. ಶಹಾಬಾದ್ ಕಲ್ಲಿನ ನೆಲದ ಮೇಲೆ ಜಾರಿದರೆ ಹಲ್ಲು ಉಳಿಯುವುದಿಲ್ಲ, ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿಕೊಳ್ಳಬೇಕು.

ಟೌಂಗ್ ಮತ್ತು ನಿಯಾಂಡರ್ತಲ್ ಬುರುಡೆಗಳನ್ನು ಬಿಡಿಯಾಗಿ ಕೊಡುವುದಾದರೆ ಪ್ರತಿ ಕಾಲೇಜೂ ಕೊಳ್ಳಲಿ ಎಂದೇ ಹೇಳುತ್ತೇನೆ. ಇಡೀ ಸೆಟ್ಟನ್ನೇ ಕೊಳ್ಳುವವರು, ತುಂಬಿದ ಭಾಗಕ್ಕೆ ಬೇರೆ ಬಣ್ಣ ಹಚ್ಚಿ ಫಲಕವನ್ನು ತಿದ್ದಿಕೊಡುವುದಾಗಿ ಮಾರಾಟಗಾರರಿಂದ ಬರಹದಲ್ಲಿ ಒಪ್ಪಿಗೆ ಪಡೆದ ಮೇಲೆಯೇ ಮುಂಗಡ ಹಣ ಕೊಡುವುದು ಒಳ್ಳೆಯದು.