ಪಿನ್ ಕೂತಿತು ಅಂತ ಸ್ವಿಚ್ ಹಾಕಬೇಡಿ

ಕೆರಿಬಿಯನ್ ದ್ವೀಪಗಳಿಗೆ ಹೊರಟಿದ್ದೀರಾ? ಜೊತೆಗೆ ಮನೆಯ ಹಿರಿಯರೂ ಇದ್ದಾರಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಅಮ್ಮ ಆಂಟಿಗುವಾದಲ್ಲಿ ಒಂದು ರಾತ್ರಿ ಪಟ್ಟ ಕಷ್ಟ ಇನ್ನೊಬ್ಬರಿಗೆ ಬರಬಾರದು.

2024ರ ಜೂನ್. ಟಿ20 ವಿಶ್ವಕಪ್‌ನ ಸೂಪರ್ 8 ಹಂತ. ಭಾರತದ ಮೂರು ಪಂದ್ಯ, ಮೂರು ದ್ವೀಪ: 20ಕ್ಕೆ ಬಾರ್ಬಡೋಸ್, 22ಕ್ಕೆ ಆಂಟಿಗುವಾ, 24ಕ್ಕೆ ಸೇಂಟ್ ಲೂಸಿಯಾ. ನಾನು, ನನ್ನ ಹೆಂಡತಿ, ಅಮ್ಮ ಮೂವರೂ ಬೆಂಗಳೂರಿನಿಂದ ಹೋಗಿದ್ದೆವು. ದ್ರಾವಿಡ್ ಕೋಚ್ ಆಗಿರುವ ಕೊನೆಯ ಟೂರ್ನಿ, ನೋಡಲೇಬೇಕು ಅಂತ ಹಠ ಹಿಡಿದಿದ್ದು ಅಮ್ಮನೇ.

ಅಮ್ಮನಿಗೆ ಉಬ್ಬಸ ಇದೆ. ಹಾಗಾಗಿ ಮನೆಯ ನೆಬ್ಯುಲೈಸರ್, ಅಂದರೆ ಔಷಧಿಯನ್ನು ಹೊಗೆಯ ಹಾಗೆ ಮಾಡಿ ಮಾಸ್ಕಿನ ಮೂಲಕ ಉಸಿರಿಗೆ ಕೊಡುವ ಮೆಷಿನ್, ಬ್ಯಾಗಿಗೆ ಹಾಕಿಕೊಂಡೆವು. ಒಂದು ಯೂನಿವರ್ಸಲ್ ಅಡಾಪ್ಟರ್ ಕೂಡ ತಗೊಂಡೆ. ಅಂಗಡಿಯವರು "ಸಾರ್, ಯಾವ ದೇಶಕ್ಕಾದರೂ ನಡೆಯುತ್ತೆ" ಅಂದರು. ನಾನೂ ನಂಬಿದೆ. ಪಿನ್‌ನ ಮಟ್ಟಿಗೆ ಆ ಮಾತು ನಿಜ. ಆದರೆ ಅಡಾಪ್ಟರ್ ಬದಲಾಯಿಸುವುದು ಪಿನ್ನಿನ ಆಕಾರ ಮಾತ್ರ. ಗೋಡೆಯಲ್ಲಿ ಎಷ್ಟು ವೋಲ್ಟ್ ಇದೆಯೋ ಅಷ್ಟನ್ನೂ ಹಾಗೇ ಒಳಗೆ ಬಿಡುತ್ತದೆ. ಇದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಾರ್ಬಡೋಸ್‌ನಲ್ಲಿ ಕರೆಂಟ್ 115 ವೋಲ್ಟ್. ನಮ್ಮದರ ಅರ್ಧ. ಸಾಕೆಟ್ ಅಮೆರಿಕದ ಥರದ್ದು, ಎರಡು ಚಪ್ಪಟೆ ಪಿನ್. ಮೊದಲ ಬೆಳಿಗ್ಗೆ ಕಾಫಿಗೆ ಅಂತ ಮನೆಯಿಂದ ತಂದ ಕೆಟಲ್ ಹಾಕಿದರೆ ನೀರು ಕುದಿಯಲೇ ಒಲ್ಲದು. ವೋಲ್ಟೇಜ್ ಅರ್ಧವಾದರೆ ಶಾಖವೂ ಅರ್ಧವಾಗುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಕಾಫಿ ಹೋದರೆ ಹೋಗಲಿ. ರಾತ್ರಿ ನೆಬ್ಯುಲೈಸರ್ ಹಾಕಿದಾಗ ಅದು ಸುಮ್ನೆ ಗುಂಯ್ ಅಂದಿತೇ ಹೊರತು ಔಷಧಿಯ ಹೊಗೆ ಬರಲೇ ಇಲ್ಲ. ಅಮ್ಮ ಮಾಸ್ಕ್ ಹಿಡಿದುಕೊಂಡು ಕಾಯುತ್ತಾ ಕೂತಿದ್ದರು. ಆ ರಾತ್ರಿ ಇನ್ಹೇಲರ್‌ನಲ್ಲೇ ಸುಧಾರಿಸಿಕೊಂಡರು.

ಮರುದಿನ ಬ್ರಿಡ್ಜ್‌ಟೌನ್‌ನ ಒಂದು ಔಷಧಿ ಅಂಗಡಿಯಲ್ಲಿ ಹೊಸ ನೆಬ್ಯುಲೈಸರ್ ಕೊಂಡೆವು. ಹಾಕಿದ ಕೂಡಲೇ ಚೆನ್ನಾಗಿ ಓಡಿತು. ನನಗೆ ದೊಡ್ಡ ಭಾರ ಇಳಿದ ಹಾಗಾಯಿತು. ಮನೆಯಿಂದ ತಂದಿದ್ದನ್ನು ಸೂಟ್‌ಕೇಸಿನ ತಳಕ್ಕೆ ಹಾಕಿ, ಅದರ ಮೇಲೆ ಬಟ್ಟೆ ಜೋಡಿಸಿಬಿಟ್ಟೆ.

21ರ ರಾತ್ರಿ ಆಂಟಿಗುವಾ. ರೂಮಿನ ಗೋಡೆ ನೋಡಿದೆ. ಅದೇ ಎರಡು ಚಪ್ಪಟೆ ಪಿನ್ನಿನ ಸಾಕೆಟ್. ಹೊಸ ಮೆಷಿನ್ನಿಗೆ ಅಡಾಪ್ಟರ್ ಕೂಡ ಬೇಕಾಗಲಿಲ್ಲ, ಪ್ಲಗ್ ನೇರವಾಗಿ ಕೂತಿತು. ಔಷಧಿ ತುಂಬಿಸಿ ಸ್ವಿಚ್ ಹಾಕಿದೆ. ಹಿಂದಿನ ದಿನ ಮೆಲ್ಲಗೆ ಓಡುತ್ತಿದ್ದ ಮೆಷಿನ್ ಟೇಬಲ್ ಮೇಲೆ ಗಡಗಡ ನಡುಗಿತು. ಮುಟ್ಟಿ ನೋಡಿದರೆ ಬಿಸಿ. ಆಫ್ ಮಾಡಲು ಕೈ ಹಾಕುವಷ್ಟರಲ್ಲಿ ನಿಂತೇ ಹೋಯಿತು. ಮಿಕ್ಸಿಯ ಮೋಟರ್ ಸುಟ್ಟಾಗ ಬರುತ್ತಲ್ಲ, ಅದೇ ವಾಸನೆ. ಉಬ್ಬಸದವರಿಗೆ ಅದಕ್ಕಿಂತ ಕೆಟ್ಟ ಗಾಳಿ ಬೇಕೇ? ಅಮ್ಮನಿಗೆ ಕೆಮ್ಮು ಶುರುವಾಯಿತು. ಹೆಂಡತಿ ಓಡಿಹೋಗಿ ಕಿಟಕಿ ತೆಗೆದಳು. ಅಮ್ಮ ಕೈಸನ್ನೆಯಲ್ಲೇ "ಏನೂ ಇಲ್ಲ, ಗಾಬರಿ ಆಗ್ಬೇಡ" ಅನ್ನುತ್ತಿದ್ದರು. ಮಾತಾಡಲು ಉಸಿರು ಸಾಲುತ್ತಿರಲಿಲ್ಲ.

ನಾನು ಕೆಳಗೆ ಓಡಿದೆ. ರಾತ್ರಿ ಪಾಳಿಯಲ್ಲಿದ್ದ ಹೆಂಗಸು ಒಂದೇ ಪ್ರಶ್ನೆ ಕೇಳಿದರು: ಅದು ಎಷ್ಟು ವೋಲ್ಟಿನ ಮೆಷಿನ್? ಆಂಟಿಗುವಾದಲ್ಲಿ ಸಾಕೆಟ್ ಅಮೆರಿಕದ್ದು, ಒಳಗಿನ ಕರೆಂಟ್ 230 ವೋಲ್ಟ್. ಕೆಲವು ಹೋಟೆಲ್‌ಗಳಲ್ಲಿ 110ರ ಪಾಯಿಂಟ್ ಕೂಡ ಇರುತ್ತದೆ, ನಮ್ಮ ರೂಮಿನಲ್ಲಿ ಇರಲಿಲ್ಲ. ಮೇಲೆ ಬಂದು ಸುಟ್ಟ ಮೆಷಿನ್ ತಿರುಗಿಸಿ ನೋಡಿದೆ. ತಳದಲ್ಲಿ ಸಣ್ಣ ಅಕ್ಷರದಲ್ಲಿ 120 ಅಂತ ಅಚ್ಚು ಹಾಕಿದ್ದರು.

ಆಗ ಸೂಟ್‌ಕೇಸಿನ ತಳ ನೆನಪಾಯಿತು. ನಮ್ಮದು 230 ವೋಲ್ಟಿನದು! ಬಟ್ಟೆಯೆಲ್ಲ ನೆಲಕ್ಕೆ ಎಸೆದು ಅದನ್ನು ತೆಗೆದೆ. ಅಡಾಪ್ಟರ್ ಸಿಕ್ಕಿಸಿ ಹಾಕಿದೆ. ಓಡಿತು. ಬಿಳಿ ಹೊಗೆ ಮಾಸ್ಕಿನಿಂದ ಹೊರಗೆ ಇಣುಕಿದಾಗ ಹೆಂಡತಿ ಅತ್ತೇಬಿಟ್ಟಳು. ಹತ್ತು ನಿಮಿಷದಲ್ಲಿ ಅಮ್ಮನ ಭುಜ ಏರಿಳಿಯುವುದು ಕಡಿಮೆಯಾಯಿತು.

ಈಗ ನೀವು ಮಾಡಬೇಕಾದ್ದು. ತಗೊಂಡು ಹೋಗುವ ಪ್ರತಿಯೊಂದು ವಸ್ತುವನ್ನೂ ತಿರುಗಿಸಿ, "ಇನ್‌ಪುಟ್" ಅಂತ ಇರುವ ಸಾಲು ಓದಿ. 100-240 ಅಂತ ಇದ್ದರೆ ಚಿಂತೆ ಇಲ್ಲ, ಅಡಾಪ್ಟರ್ ಒಂದೇ ಸಾಕು. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ಹೆಚ್ಚಾಗಿ ಹೀಗೇ ಇರುತ್ತವೆ. ಬರೀ 230 ಅಥವಾ ಬರೀ 120 ಅಂತ ಇದ್ದರೆ ಹುಷಾರು. ಕೆಟಲ್, ಇಸ್ತ್ರಿ ಪೆಟ್ಟಿಗೆ, ಹೇರ್ ಡ್ರೈಯರ್, ರೈಸ್ ಕುಕ್ಕರ್ ಬಹಳಷ್ಟು ಈ ಜಾತಿಯವು. 230ರದ್ದನ್ನು 115ಕ್ಕೆ ಹಾಕಿದರೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಅಷ್ಟೇ. ಮೋಟರ್ ಇರುವುದಾದರೆ ಗುಂಯ್ ಅಂದ ಕೂಡಲೇ ಆಫ್ ಮಾಡಿ. 120ರದ್ದನ್ನು 230ಕ್ಕೆ ಹಾಕಿದರೆ ಅಪಾಯ. ಕೆಟಲ್‌ನಂಥದ್ದಕ್ಕೆ ನಾಲ್ಕು ಪಟ್ಟು ಶಾಖ ಹರಿಯುತ್ತದೆ. ಅಮೆರಿಕದಲ್ಲಿರುವ ಮಕ್ಕಳು, ತಂಗಿ, ತಮ್ಮ ಅಲ್ಲಿಂದ ಬಂದು ನಿಮ್ಮನ್ನು ಸೇರಿಕೊಳ್ಳುವುದಾದರೆ ಅವರಿಗೆ ಇದನ್ನು ಮೊದಲೇ ಹೇಳಿ. ಅವರು ತರುವ ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಕೂಡ 230ಕ್ಕೆ ಸಿಡಿಯಬಹುದು.

ಕೆರಿಬಿಯನ್ ಅಂದರೆ ಒಂದೇ ಜಾಗ ಅಂತ ನಾವು ಅಂದುಕೊಂಡಿದ್ದೆವು. ಅಲ್ಲ. ಜಮೈಕಾ, ಟ್ರಿನಿಡಾಡ್, ಬಹಾಮಾಸ್‌ನಲ್ಲಿ ಚಪ್ಪಟೆ ಪಿನ್, 110ರಿಂದ 120 ವೋಲ್ಟ್. ಸೇಂಟ್ ಲೂಸಿಯಾ, ಗ್ರೆನಡಾ, ಡೊಮಿನಿಕಾದಲ್ಲಿ ಬ್ರಿಟನ್‌ನ ದಪ್ಪ ಮೂರು ಪಿನ್, 230-240 ವೋಲ್ಟ್. ಅಲ್ಲಿ ನಮ್ಮ ಮನೆಯ ಸಾಮಾನು ಬರೀ ಅಡಾಪ್ಟರ್‌ನಲ್ಲಿ ನಡೆಯುತ್ತದೆ. ಮಾರ್ಟಿನಿಕ್, ಗ್ವಾಡೆಲೂಪ್ ಫ್ರಾನ್ಸಿಗೆ ಸೇರಿದವು, ಸಾಕೆಟ್ ಫ್ರಾನ್ಸಿನದು, 230 ವೋಲ್ಟ್. ಅರೂಬಾದಲ್ಲಿ 127. ಹತ್ತಿರ ಹತ್ತಿರದ ದ್ವೀಪಗಳಲ್ಲೂ ಇಷ್ಟು ವ್ಯತ್ಯಾಸ.

ನೆಬ್ಯುಲೈಸರ್ ಬೇಕಾದವರು 100-240 ಅಂತ ಬರೆದಿರುವ, ಬ್ಯಾಟರಿಯಲ್ಲೂ ನಡೆಯುವ ಚಿಕ್ಕದನ್ನು ಹೊರಡುವ ಮೊದಲೇ ಕೊಳ್ಳಿ. ವೋಲ್ಟ್ ಬದಲಾಯಿಸುವ ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ತಿರುಗುವುದು ಕಷ್ಟ, ಅದು ತುಂಬಾ ಭಾರ. ಅಗ್ಗದ ಕನ್ವರ್ಟರ್‌ಗಳಲ್ಲಿ ಎಷ್ಟೋ ಬರೀ ಕಾಯಿಸುವ ಸಾಮಾನಿಗೆ ಮಾಡಿದವು, ವೈದ್ಯಕೀಯ ಮೆಷಿನ್ನಿಗೆ ಬಳಸಬೇಡಿ. ಕರೆಂಟೇ ಬೇಡದ ಇನ್ಹೇಲರನ್ನು ಸ್ಪೇಸರ್ (ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ) ಜೊತೆ ಹೇಗೆ ಬಳಸಬೇಕು ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡು ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಳ್ಳಿ.

ಹೋಟೆಲ್‌ಗೆ ಬರೆಯುವಾಗ "ಯಾವ ಪ್ಲಗ್" ಅಂತ ಮಾತ್ರ ಕೇಳಬೇಡಿ. "ನಮ್ಮ ರೂಮಿನ ಸಾಕೆಟ್‌ನಲ್ಲಿ ಎಷ್ಟು ವೋಲ್ಟ್" ಅಂತ ಕೇಳಿ. ಸೇಂಟ್ ಲೂಸಿಯಾಗೆ ಹೊರಡುವ ಮೊದಲು ನಾನು ಹೀಗೇ ಕೇಳಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: 240. ಅಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ನಮ್ಮದೇ ನಡೆಯುತ್ತೆ" ಅಂದು ಮೆಷಿನ್ನನ್ನು ಬಟ್ಟೆಯ ಮೇಲೆ, ಕೈಗೆ ಸಿಗುವ ಹಾಗೆ ಅವರೇ ಇಟ್ಟರು.