ಗ್ರಾನೈಟ್ ಕೆಲಸಕ್ಕೆ ಫೋಮ್ ಪ್ಲಗ್ಗೋ, ಸಿಲಿಕೋನ್ ಪ್ಲಗ್ಗೋ, ಮಫ್ಫೋ?

ಕೋಲಾರ, ಚಿಕ್ಕಬಳ್ಳಾಪುರ ಕಡೆ ಕಲ್ಲು ಕಟಿಂಗ್, ಪಾಲಿಶ್ ಮಾಡುವವರಿಗೆ ನಾನು ಹೇಳುವುದು ಒಂದೇ: ಮಿಷನ್ ಸದ್ದಿನಿಂದ ಕಿವಿ ಕಾಯಲು ದಾರ ಇರುವ, ಕೊಡೆಯಂಥ ಮೂರು ಸುತ್ತಿನ ಸಿಲಿಕೋನ್ ಪ್ಲಗ್ ತಗೊಳ್ಳಿ. ಪ್ಯಾಕೆಟ್ ನೋಡಿದರೆ ಫೋಮೇ ಗೆಲ್ಲುತ್ತದೆ. ಎನ್‌ಆರ್‌ಆರ್ (ಎಷ್ಟು ಡೆಸಿಬೆಲ್ ಸದ್ದು ತಗ್ಗಿಸುತ್ತದೆ ಎಂಬ ಅಂಕಿ) ಅದಕ್ಕೆ 29 ಇದ್ದರೆ ಸಿಲಿಕೋನಿಗೆ 25ರ ಆಸುಪಾಸು. ಆದರೆ ಅದು ಲ್ಯಾಬಿನ ಲೆಕ್ಕ. ಕೆಲಸದ ಜಾಗಕ್ಕೆ ಅದರಲ್ಲಿ 7 ಕಳೆದು ಅರ್ಧ ಮಾಡುವುದು ರೂಢಿ. ಆಗ ಫೋಮಿಗೆ ಉಳಿಯುವುದು 11 ಡೆಸಿಬೆಲ್, ಸಿಲಿಕೋನಿಗೆ 9.

ಫೋಮಿನ ನಿಜವಾದ ತಾಪತ್ರಯ ಕೈ ಕೊಳೆ. ಅದನ್ನು ಬತ್ತಿ ಹೊಸೆದ ಹಾಗೆ ಮಡಿಕೆ ಬೀಳದಂತೆ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು, ಒಳಗೆ ತೂರಿಸಿ, ಅದು ಉಬ್ಬುವವರೆಗೆ 30 ಸೆಕೆಂಡ್ ಬೆರಳಲ್ಲಿ ಒತ್ತಿ ಹಿಡಿಯಬೇಕು. ಸ್ಲರಿ, ಅಂದರೆ ಕಲ್ಲುಪುಡಿಯ ಕೆಸರು, ಮೆತ್ತಿದ ಕೈಯಲ್ಲಿ ಹೊಸೆದರೆ ಕಲ್ಲಿನ ಪುಡಿಯೂ ಜೊತೆಗೇ ಒಳಗೆ ಹೋಗುತ್ತದೆ. ಆಮೇಲೆ ನವೆ, ಕೆರೆತ, ಕೊನೆಗೆ ಕಿವಿ ಸೋರುವುದು. ಅವಸರದಲ್ಲಿ ಹಾಕಿದ್ದು ಅರ್ಧ ಹೊರಗೇ ಇರುತ್ತದೆ. ಎದುರಿಗೆ ನಿಂತವರಿಗೆ ಪ್ಲಗ್ ಎದ್ದು ಕಂಡರೆ ಅದು ಕೂತಿಲ್ಲ ಅಂತಲೇ ಲೆಕ್ಕ. ಫೋನ್ ಬಂತು, ಮೇಸ್ತ್ರಿ ಕರೆದರು ಅಂತ ಒಮ್ಮೆ ತೆಗೆದರೆ ಮತ್ತೆ ಹಾಕಲು ಕೈ ತೊಳೆಯಬೇಕು. ಯಾರು ತೊಳೀತಾರೆ? 8 ಗಂಟೆ ಶಿಫ್ಟಿನಲ್ಲಿ ಸದ್ದಿನ ನಡುವೆ ಅರ್ಧ ಗಂಟೆ ಪ್ಲಗ್ ಇಲ್ಲದೆ ಇದ್ದರೆ ಸಾಕು, ಎಂಥ ಪ್ಲಗ್ಗಿದ್ದರೂ ಒಟ್ಟು ರಕ್ಷಣೆ 12 ಡೆಸಿಬೆಲ್ ದಾಟುವುದಿಲ್ಲ.

ಸಿಲಿಕೋನನ್ನು ಅದರ ಹಿಂದಿನ ಕಡ್ಡಿ ಹಿಡಿದು ಹಾಕುವುದರಿಂದ ಒಳಗೆ ಹೋಗುವ ಭಾಗಕ್ಕೆ ಬೆರಳು ತಾಗುವುದಿಲ್ಲ. ಸ್ವಲ್ಪ ನೀರು ಸವರಿದರೆ ಸಲೀಸು. ತೆಗೆದಾಗ ಕೊರಳಲ್ಲೇ ನೇತಾಡುತ್ತದೆ. ಗ್ರೈಂಡರ್ ಹಿಡಿದಾಗ ಮಾತ್ರ ದಾರ ಅಂಗಿಯೊಳಗೆ ಇರಲಿ. ಸಂಜೆ ಸೋಪಿನಲ್ಲಿ ತೊಳೆಯಿರಿ, ಥಿನ್ನರ್ ಮುಟ್ಟಿಸಬೇಡಿ. ಮಾತಾಡುವಾಗ ಜಾರಿ ಬಂದರೆ ಅಳತೆ ಸರಿಯಿಲ್ಲ, ಬದಲಾಯಿಸಿ. ಮೊದಮೊದಲು ಕಿವಿ ಬಿಗಿದಂತಾಗುತ್ತದೆ, ನಿಜ. ಆದರೆ ಫೋಮ್ ದಿನಕ್ಕೊಂದು ಜೊತೆ ಬೇಕು, ಇದು ತಿಂಗಳುಗಟ್ಟಲೆ ಬರುತ್ತದೆ.

ಇಡೀ ಕಿವಿ ಮುಚ್ಚುವ ಮಫ್ ಏಪ್ರಿಲ್ ಬಿಸಿಲಿಗಲ್ಲ. ಕನ್ನಡಕದ ಕಡ್ಡಿ ಅಡ್ಡ ಬಂದರೆ ಸಂದಿಯಲ್ಲೇ ಸದ್ದು ನುಗ್ಗುತ್ತದೆ. ಐದು ನಿಮಿಷಕ್ಕೆ ಒಳಗೆ ಬಂದು ಹೋಗುವ ಸೂಪರ್‌ವೈಸರಿಗೆ ಚೆನ್ನ. ಕಿವಿ ಸೋರುವವರು ಯಾವ ಪ್ಲಗ್ಗೂ ತೂರಿಸದೆ ಮೊದಲು ಡಾಕ್ಟರಿಗೆ ತೋರಿಸಲಿ.

ಹತ್ತಿ ಉಂಡೆ ಲೆಕ್ಕಕ್ಕೇ ಇಲ್ಲ.

ಯಾವ ಪ್ಲಗ್ ಹಾಕಿದರೂ ಮಿಷನ್ ಓಡುವಾಗ ಎರಡೂ ಅಂಗೈ ಕಿವಿ ಮೇಲೆ ಮುಚ್ಚಿ ನೋಡಿ. ಸದ್ದು ಗಣನೀಯವಾಗಿ ತಗ್ಗಿದರೆ ಪ್ಲಗ್ ಸರಿಯಾಗಿ ಕೂತಿಲ್ಲ.

ಸದ್ದಿನ ಏಟು ಸಾಮಾನ್ಯವಾಗಿ ಮೊದಲು ಕಾಣುವುದು 4,000 ಹರ್ಟ್ಜ್ ಸುತ್ತ, ಅಂದರೆ ಕೀರಲು ಸದ್ದಿನಲ್ಲಿ. ಮಾತು ಕೇಳುತ್ತದೆ, ಆದರೆ ‘ಸಾಲ’ ಅಂದದ್ದು ‘ಕಾಲ’ ಅನಿಸುತ್ತದೆ. ಅನುಮಾನ ಬಂದರೆ ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ) ಮಾಡಿಸಿ, ಅದೂ ವಾರದ ರಜೆ ಮುಗಿದ ಬೆಳಗ್ಗೆ, ಕೆಲಸಕ್ಕೆ ಇಳಿಯುವ ಮುಂಚೆ. ಶಿಫ್ಟ್ ಮುಗಿಸಿ ನೇರ ಹೋದರೆ ಆ ದಿನದ ತಾತ್ಕಾಲಿಕ ಮಂದವೂ ರಿಪೋರ್ಟಿಗೆ ಸೇರಿಬಿಡುತ್ತದೆ.