‘ಹೀಟ್ ಎಕ್ಸ್‌ಚೇಂಜರ್ ಸೀಳಿದೆ’ ಅಂದ ಕೂಡಲೇ ಹೊಸ ಫರ್ನೇಸ್‌ಗೆ ಸಹಿ ಹಾಕಬೇಡಿ

ಶಿಕಾಗೋ ಸುತ್ತಮುತ್ತ ಮನೆ ಕೊಂಡಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡೆಟ್ರಾಯಿಟ್, ಮಿನಿಯಾಪೊಲಿಸ್, ಟೊರಾಂಟೊ ಕಡೆಯವರೂ ಓದಬಹುದು, ಗ್ಯಾಸ್ ಉರಿಸಿ ಮನೆಗೆಲ್ಲ ಬಿಸಿಗಾಳಿ ಕೊಡುವ ಫರ್ನೇಸ್ ಎಲ್ಲ ಕಡೆ ಒಂದೇ. ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಅಂಚೆಯಲ್ಲಿ ಕೂಪನ್ ಬರುತ್ತವಲ್ಲ, 59 ಡಾಲರ್‌ಗೆ ಫರ್ನೇಸ್ ಟ್ಯೂನ್‌ಅಪ್ ಅಂತ? ಲೆಕ್ಕ ಹಾಕಿ ನೋಡಿ. ವ್ಯಾನು, ಪೆಟ್ರೋಲು, ಒಬ್ಬ ಮನುಷ್ಯನ ಒಂದು ಗಂಟೆ ಕೆಲಸ. 59 ಡಾಲರ್‌ಗೆ ಅದು ಗಿಟ್ಟುವುದಿಲ್ಲ. ಕಂಪನಿಗೆ ಬೇಕಾಗಿರುವುದು ನಿಮ್ಮ ಬೇಸ್‌ಮೆಂಟಿನೊಳಗೆ ಒಂದು ಕಾಲಿಡುವುದು, ಅಷ್ಟೇ.

ನಮ್ಮ ಮನೆಗೆ ಬಂದ ಕಂಪನಿಯ ಹೆಸರು ಹೇಳುವುದಿಲ್ಲ. ಈ ಆಟ ಆಡುವವರು ಒಬ್ಬಿಬ್ಬರಲ್ಲ, ಹೆಸರು ಹೇಳಿದರೆ ಮಿಕ್ಕವರೆಲ್ಲ ಒಳ್ಳೆಯವರು ಅಂದುಕೊಂಡುಬಿಡುತ್ತೀರಿ.

ಅಕ್ಟೋಬರಿನಲ್ಲಿ ಅವರ ಹುಡುಗ ಬಂದು ಟ್ಯೂನ್‌ಅಪ್ ಮಾಡಿ ಹೋದ. ಹೋಗುವಾಗ ಒಂದು ಚೆಕ್‌ಲಿಸ್ಟ್ ಕೊಟ್ಟ. ಬರ್ನರ್ ಸ್ವಚ್ಛ ಮಾಡಲಾಗಿದೆ, ಫ್ಲೇಮ್ ಸೆನ್ಸರ್ ಸ್ವಚ್ಛ ಮಾಡಲಾಗಿದೆ, ಹೀಟ್ ಎಕ್ಸ್‌ಚೇಂಜರ್ ಚೆನ್ನಾಗಿದೆ, ಎಲ್ಲದರ ಮುಂದೆ ಟಿಕ್. ಮಗಳಿಗೆ ಅಲರ್ಜಿ ಇದೆ ಅಂತ ಮಾತಿನ ಮಧ್ಯೆ ಗೊತ್ತಾಗಿದ್ದೇ ತಡ, ‘ಆಸ್ಪತ್ರೆಯಲ್ಲಿ ಹಾಕುವಂಥದ್ದು’ ಅಂತ ಹೇಳಿ ಒಂದು ದಪ್ಪ ನೇಯ್ಗೆಯ ಫಿಲ್ಟರ್ ಹಾಕಿದ. ಅದಕ್ಕೆ ಬೇರೆ ದುಡ್ಡು.

ಜನವರಿಯಲ್ಲಿ ಫರ್ನೇಸ್ ನಿಂತಿತು. ಹೊರಗೆ ಮೈನಸ್ 8 ಫ್ಯಾರನ್‌ಹೀಟ್, ಅಂದರೆ ಮೈನಸ್ 22 ಸೆಲ್ಸಿಯಸ್. ಬರ್ನರ್ ಹತ್ತಿಕೊಳ್ಳುತ್ತಿತ್ತು, ನಾಲ್ಕೈದು ಸೆಕೆಂಡಿಗೆ ಆರಿಹೋಗುತ್ತಿತ್ತು. ಮತ್ತೆ ಹತ್ತುವುದು, ಮತ್ತೆ ಆರುವುದು. ಆಮೇಲೆ ಸುಮ್ಮನಾಗಿ, ಒಳಗಿನ ಬೋರ್ಡಿನ ಸಣ್ಣ ದೀಪ ಮಾತ್ರ ಮಿಟುಕಿಸುತ್ತಿತ್ತು. ಟ್ಯೂನ್‌ಅಪ್ ಮಾಡಿದವರಿಗೇ ಫೋನ್ ಮಾಡಿದೆವು. ಈ ಸಲ ಬೇರೆ ಟೆಕ್ನೀಷಿಯನ್ ಬಂದ. ಮಿಟುಕುವ ದೀಪದ ಕಡೆ ಅವನು ನೋಡಲೇ ಇಲ್ಲ. ಕ್ಯಾಮೆರಾ ಇರುವ ವೈರ್ ಒಂದನ್ನು ಒಳಗೆ ತೂರಿಸಿ, ಟ್ಯಾಬ್ಲೆಟ್‌ನಲ್ಲಿ ಒಂದು ಕಪ್ಪು ಗೆರೆ ತೋರಿಸಿದ. ‘ಹೀಟ್ ಎಕ್ಸ್‌ಚೇಂಜರ್ ಸೀಳಿದೆ. ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಬರುತ್ತದೆ. ಮಗು ಇರುವ ಮನೆ, ನಾನು ಇದನ್ನು ಓಡಿಸಿ ಹೋಗುವ ಹಾಗಿಲ್ಲ.’ ಗ್ಯಾಸ್ ವಾಲ್ವ್ ತಿರುಗಿಸಿದ. ಫರ್ನೇಸ್‌ಗೆ ಕೆಂಪು ಚೀಟಿ ಕಟ್ಟಿದ. ಇಲ್ಲಿನವರ ಬಾಯಲ್ಲಿ ಅದು ರೆಡ್ ಟ್ಯಾಗ್.

ಒಂದು ಗಂಟೆಯೊಳಗೆ ಇನ್ನೊಬ್ಬ ಹಾಜರು. ಕೋಟು, ನಗುಮುಖ, ಕೈಯಲ್ಲಿ ಲ್ಯಾಪ್‌ಟಾಪ್. ರಿಪೇರಿಗೆ ಜನ ಸಿಗದ ಚಳಿಯಲ್ಲಿ ಮಾರಾಟಕ್ಕೆ ಜನ ಎಷ್ಟು ಬೇಗ ಸಿಗುತ್ತಾರೆ ನೋಡಿ! ಹೊಸ ಫರ್ನೇಸ್, ‘ಆರೋಗ್ಯಕರ ಗಾಳಿ’ಗೆ ಒಂದು ಯುವಿ ದೀಪ, ಕೋಣೆಗಳಿಗೆ ಗಾಳಿ ಒಯ್ಯುವ ಡಕ್ಟ್‌ಗಳಿಗೆ ಔಷಧಿ ಸಿಂಪಡಣೆ, ಎಲ್ಲ ಸೇರಿ 13,800 ಡಾಲರ್. ಈಗಲೇ ಸಹಿ ಹಾಕಿದರೆ 11,900. ನಾಳೆ ಆ ಬೆಲೆ ಇರುವುದಿಲ್ಲವಂತೆ. ಯೋಚಿಸಿ ಹೇಳುತ್ತೇವೆ ಅಂದಿದ್ದಕ್ಕೆ, ‘ಇಂಥ ರಾತ್ರಿ ಮಗುವನ್ನು ಇಟ್ಟುಕೊಂಡು ಯೋಚನೆ ಮಾಡ್ತೀರಾ?’ ಅಂತ ನನ್ನ ಹೆಂಡತಿಯ ಮುಖ ನೋಡಿಯೇ ಕೇಳಿದ. ಅವಳು ಬಾಗಿಲು ತೋರಿಸಿದಳು.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿಯಬೇಕು, ಯಾಕೆಂದರೆ ಅವರು ಹೇಳುವ ಅಪಾಯ ಕಟ್ಟುಕಥೆಯಲ್ಲ. ನಮ್ಮೂರಿನ ಬಚ್ಚಲ ಹಂಡೆ ನೆನಪು ಮಾಡಿಕೊಳ್ಳಿ. ಬೆಂಕಿ, ಹೊಗೆ ಎಲ್ಲ ಹಂಡೆಯ ಹೊರಗೆ, ನೀರು ಒಳಗೆ, ಎರಡೂ ಸೇರುವುದಿಲ್ಲ. ಹೀಟ್ ಎಕ್ಸ್‌ಚೇಂಜರ್ ಅಂದರೆ ಅಂಥದ್ದೇ ಒಂದು ಲೋಹದ ಗೋಡೆ. ಉರಿಯ ಹೊಗೆ ಒಂದು ಕಡೆ ಹರಿದು ಪೈಪಿನಲ್ಲಿ ಆಚೆ ಹೋಗುತ್ತದೆ, ಮನೆಯ ಗಾಳಿ ಇನ್ನೊಂದು ಕಡೆ ಬಿಸಿಯಾಗಿ ಕೋಣೆಗಳಿಗೆ ಬರುತ್ತದೆ. ಆ ಗೋಡೆ ಸೀಳಿದರೆ ಹೊಗೆ ಮನೆಗಾಳಿಗೆ ಸೇರಬಹುದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಸುಸ್ತು ಬಂದರೆ ಜ್ವರವೇನೋ ಅಂದುಕೊಂಡು ಮಲಗುತ್ತೇವೆ. ಬೆಂಕಿ ಅನಾಹುತ ಬಿಟ್ಟು, ಬರೀ ಈ ಅನಿಲದಿಂದ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಜಾಸ್ತಿ ಜನ ಸಾಯುತ್ತಾರೆ ಅನ್ನುವುದು ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಲೆಕ್ಕ. ಹಾಗಾಗಿ ಚೀಟಿ ಕಟ್ಟಿದ ಫರ್ನೇಸನ್ನು ‘ಅವನು ಸುಳ್ಳ’ ಅಂತ ನೀವೇ ಮತ್ತೆ ಹಚ್ಚಬೇಡಿ. ಈ ಕಂಪನಿಗಳು ನಿಜವಾದ ಭಯವನ್ನೇ ಮಾರಾಟಕ್ಕೆ ಬಳಸುತ್ತವೆ. ನನಗೆ ಹೆಚ್ಚು ಸಿಟ್ಟು ಬರುವುದು ಅದಕ್ಕೇ. ನಾಳೆ ನಿಜವಾಗಿ ಸೀಳಿದಾಗ ಯಾರು ನಂಬುತ್ತಾರೆ?

ಆ ರಾತ್ರಿ ನಾವೂ ಹಚ್ಚಲಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿದೆವು. 1,500 ವ್ಯಾಟ್‌ನ ಸ್ಪೇಸ್ ಹೀಟರನ್ನು ನೇರ ಗೋಡೆಯ ಸಾಕೆಟ್‌ಗೆ ಹಾಕಿದೆವು. ಎಕ್ಸ್‌ಟೆನ್ಷನ್ ವೈರಿಗೆ ಹಾಕಿದರೆ ವೈರೇ ಕಾದು ಬೆಂಕಿ ಹಿಡಿಯಬಹುದು. ಪೈಪು ಹೆಪ್ಪುಗಟ್ಟದಂತೆ ನಲ್ಲಿಗಳನ್ನು ಸಣ್ಣಗೆ ಬಿಟ್ಟು, ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟೆವು. ಗ್ಯಾಸ್ ಅವನ್ ಹಚ್ಚಿ ಮನೆ ಬೆಚ್ಚಗೆ ಮಾಡುವವರು ಇದ್ದಾರೆ. ದಯವಿಟ್ಟು ಬೇಡ, ಅದರಿಂದಲೂ ಅದೇ ಅನಿಲ. 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್ ಆಗಿತ್ತು. ಅಂಥ ದಿನ ಹೀಗಾಗಿದ್ದರೆ ಹೋಟೆಲ್ ಹುಡುಕುವುದೇ ಸರಿ.

ಮಾರನೆಯ ದಿನ ಬಂದವರು ಒಬ್ಬರೇ ಅಂಗಡಿ ನಡೆಸುವ ವಯಸ್ಸಾದ ಪೋಲಿಷ್ ಮನುಷ್ಯ. ಪಕ್ಕದ ಬೀದಿಯವರು ನಂಬರ್ ಕೊಟ್ಟಿದ್ದರು. ಅವರು ಮೊದಲು ನೋಡಿದ್ದು ಆ ಮಿಟುಕುವ ದೀಪವನ್ನು. ಎಷ್ಟು ಸಲ ಮಿಟುಕಿದರೆ ಏನು ಅರ್ಥ ಅನ್ನುವುದು ಫರ್ನೇಸ್ ಬಾಗಿಲಿನ ಒಳಗಡೆಯೇ ಅಂಟಿಸಿರುತ್ತದೆ. ನಮ್ಮದರಲ್ಲಿ ಬಂದಿದ್ದು, ಉರಿ ಇದೆ ಅಂತ ಯಂತ್ರಕ್ಕೆ ಗೊತ್ತಾಗುತ್ತಿಲ್ಲ ಅನ್ನುವ ಕೋಡ್. ಉರಿಯ ನಡುವೆ ಚಾಚಿರುವ ಒಂದು ತೆಳ್ಳಗಿನ ಲೋಹದ ಕಡ್ಡಿ ಇರುತ್ತದೆ, ಅದೇ ಫ್ಲೇಮ್ ಸೆನ್ಸರ್. ಉರಿಯ ಮೂಲಕ ಅದರಲ್ಲಿ ಅತಿ ಸಣ್ಣ ಕರೆಂಟ್ ಹರಿಯುತ್ತದೆ. ಹರಿಯದಿದ್ದರೆ, ಗ್ಯಾಸ್ ಸುಮ್ನೆ ಸೋರುತ್ತಿದೆ ಅಂದುಕೊಂಡು ಬೋರ್ಡು ವಾಲ್ವ್ ಮುಚ್ಚುತ್ತದೆ. ಕಡ್ಡಿಯ ಮೇಲೆ ಬೂದುಬಣ್ಣದ ಪದರ ಕಟ್ಟಿದರೆ ಇದೇ ಆಗುವುದು. ಮೀಟರ್ ಹಾಕಿದಾಗ ಅರ್ಧ ಮೈಕ್ರೋಆಂಪ್ ಕೂಡ ಇರಲಿಲ್ಲ. ಒಂದು ಸ್ಕ್ರೂ ಬಿಚ್ಚಿ, ಕಡ್ಡಿ ತೆಗೆದು, ನಯವಾದ ಸ್ಟೀಲ್ ವೂಲ್‌ನಿಂದ ಉಜ್ಜಿ ವಾಪಸ್ ಹಾಕಿದರು. ಮೂರು ಮೈಕ್ರೋಆಂಪ್ ದಾಟಿತು.

ಅಕ್ಟೋಬರಿನ ಚೆಕ್‌ಲಿಸ್ಟಿನಲ್ಲಿ ಈ ಕಡ್ಡಿ ‘ಸ್ವಚ್ಛ’ವಾಗಿತ್ತು, ನೆನಪಿದೆಯಲ್ಲ? ಆ ಸ್ಕ್ರೂ ಮೇಲೆ ಸ್ಕ್ರೂಡ್ರೈವರ್ ಬಿದ್ದ ಗುರುತೇ ಇಲ್ಲ ಅಂದರು ಅಜ್ಜ.

ಆದರೆ ಅದಕ್ಕೂ ಮೊದಲು, ಗ್ಯಾಸ್ ತೆರೆಯುವ ಮುಂಚೆಯೇ, ಅವರು ಸೀಳಿನ ವಿಷಯ ನೋಡಿದರು. ಹೇಗೆ ನೋಡಿದರು ಅನ್ನುವುದನ್ನು ಗಮನವಿಟ್ಟು ಓದಿ, ನಿಮಗೆ ಬೇಕಾಗುವುದು ಇದೇ. ಕ್ಯಾಮೆರಾವನ್ನು ಮೊದಲು ನಮ್ಮ ಫರ್ನೇಸಿನ ಸೀರಿಯಲ್ ನಂಬರಿಗೆ ಹಿಡಿದರು, ಅಲ್ಲಿಂದ ವಿಡಿಯೊ ನಿಲ್ಲಿಸದೆ ಒಳಗೆ ತೂರಿಸಿದರು. ಹಾಗೆ ಮಾಡದಿದ್ದರೆ ಆ ಫೋಟೊ ಯಾವ ಊರಿನ ಯಾವ ಫರ್ನೇಸಿನದೋ ಯಾರಿಗೆ ಗೊತ್ತು? ನಮ್ಮದರಲ್ಲಿ ಇದ್ದಿದ್ದು ಫ್ಯಾಕ್ಟರಿಯಲ್ಲಿ ತಗಡು ಮಡಚಿ ಸೇರಿಸಿದ ಜೋಡಣೆಯ ಗೆರೆ. ನಾಲ್ಕೂ ಕೊಳವೆಗಳಲ್ಲಿ, ಅದೇ ಜಾಗದಲ್ಲಿ, ಅದೇ ಗೆರೆ. ಆಮೇಲೆ ಹಚ್ಚಿ, ಮನೆಗೆ ಗಾಳಿ ತಳ್ಳುವ ಫ್ಯಾನ್, ಅಂದರೆ ಬ್ಲೋವರ್, ಶುರುವಾಗುವಾಗ ಉರಿ ಅಲುಗಾಡುತ್ತದಾ ನೋಡಿದರು. ಸೀಳಿದ್ದರೆ ಆ ಗಾಳಿ ನುಗ್ಗಿ ಉರಿ ಕದಲಬಹುದು. ಕದಲಲಿಲ್ಲ. ಹೊಗೆ ಕೊಳವೆಯೊಳಗೆ ಅನಿಲ ಅಳೆಯುವ ಅನಲೈಸರ್ ಇಟ್ಟರು, ಕಾರ್ಬನ್ ಮೊನಾಕ್ಸೈಡ್ 38 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 38 ಪಾಲು ಬಂತು. ಫರ್ನೇಸ್ ಹೊಗೆಯಲ್ಲಿ ಮಿತಿ 400. ಕೋಣೆಗಳಿಗೆ ಬರುವ ಗಾಳಿಯಲ್ಲಿ ಸೊನ್ನೆ. ಹಿಂದಿನ ದಿನದವನು ಒಂದು ಅಂಕಿಯನ್ನೂ ಹೇಳಿರಲಿಲ್ಲ. ಯಾರಾದರೂ ಸೀಳಿದೆ ಅಂದರೆ ಅಂಕಿ ಕೇಳಿ, ಬರೆದುಕೊಡಿ ಅನ್ನಿ. ಅಳೆಯುವ ಯಂತ್ರವನ್ನೇ ತಾರದೆ ಫರ್ನೇಸ್‌ಗೆ ಮರಣದಂಡನೆ ಕೊಡುವವನ ಮಾತಿನ ಮೇಲೆ ಒಂದು ಡಾಲರ್ ಕೂಡ ಬಿಚ್ಚಬೇಡಿ. ವಾರಂಟಿಯನ್ನೂ ಕೇಳಿ. ಹೀಟ್ ಎಕ್ಸ್‌ಚೇಂಜರ್‌ಗೆ ಎಷ್ಟೋ ತಯಾರಕರು 20 ವರ್ಷ, ಕೆಲವರು ಪೂರ್ತಿ ಆಯುಷ್ಯಕ್ಕೆ ವಾರಂಟಿ ಕೊಟ್ಟಿರುತ್ತಾರೆ. ಕೂಲಿ ನಿಮ್ಮದು, ಭಾಗ ಅವರದು. ಮಾರುವವನು ಇದನ್ನು ತಾನಾಗಿ ಹೇಳುವುದಿಲ್ಲ.

ಇನ್ನು ಆ ‘ಆಸ್ಪತ್ರೆ ಫಿಲ್ಟರ್’. ಅಜ್ಜ ಅದನ್ನು ಹೊರಗೆಳೆದು ಬೆಳಕಿಗೆ ಹಿಡಿದು ತಲೆ ಆಡಿಸಿದರು. ಫಿಲ್ಟರ್‌ಗಳಿಗೆ ಮರ್ವ್ ಅಂತ ಒಂದು ಅಳತೆ ಇದೆ. ಅಂಕಿ ಜಾಸ್ತಿಯಾದಷ್ಟೂ ಸಣ್ಣ ಧೂಳು ಹಿಡಿಯುತ್ತದೆ. ಆದರೆ ಒಂದೇ ಇಂಚು ದಪ್ಪದ ಜಾಗದಲ್ಲಿ ಮರ್ವ್ 13 ತುರುಕಿದರೆ ಎಷ್ಟೋ ಮನೆಗಳ ಬ್ಲೋವರ್‌ಗೆ ಅದರ ಮೂಲಕ ಬೇಕಾದಷ್ಟು ಗಾಳಿ ಎಳೆಯಲು ಆಗುವುದಿಲ್ಲ. ಗಾಳಿ ಕಡಿಮೆಯಾದರೆ ಲೋಹ ಅತಿಯಾಗಿ ಕಾಯುತ್ತದೆ, ಲಿಮಿಟ್ ಸ್ವಿಚ್ ಉರಿ ಆರಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಹತ್ತುತ್ತದೆ. ಫರ್ನೇಸ್ ಮೇಲಿನ ಫಲಕದಲ್ಲಿ, ಒಳಗೆ ಬರುವ ಗಾಳಿಗೂ ಹೊರಗೆ ಹೋಗುವ ಗಾಳಿಗೂ ಇರಬೇಕಾದ ವ್ಯತ್ಯಾಸ ಬರೆದಿರುತ್ತದೆ. ನಮ್ಮದಕ್ಕೆ 35ರಿಂದ 65 ಡಿಗ್ರಿ ಫ್ಯಾರನ್‌ಹೀಟ್. ಅಳೆದರೆ 72! ಸಾದಾ ಮರ್ವ್ 8 ಹಾಕಿದ ಮೇಲೆ 52ಕ್ಕೆ ಇಳಿಯಿತು. ಹೀಟ್ ಎಕ್ಸ್‌ಚೇಂಜರ್ ನಿಜವಾಗಿ ಸೀಳುವುದೇ ಹೀಗೆ ವರ್ಷಗಟ್ಟಲೆ ಅತಿಯಾಗಿ ಕಾದು, ಆರಿ, ಕಾದು. ಅಂದರೆ ಮಗಳ ಆರೋಗ್ಯಕ್ಕೆ ಅಂತ ಅವರು ಮಾರಿದ ವಸ್ತು, ಜನವರಿಯಲ್ಲಿ ಅವರೇ ಹೇಳಿದ ಸುಳ್ಳನ್ನು ನಾಲ್ಕಾರು ವರ್ಷದಲ್ಲಿ ನಿಜ ಮಾಡುತ್ತಿತ್ತು.

ಹಾಗಾದರೆ ಒಳ್ಳೆಯ ಗಾಳಿಗೆ ಏನು ಮಾಡುವುದು? ಒಂದಿಂಚಿನ ಫಿಲ್ಟರ್ ಆದರೆ ಮರ್ವ್ 8, ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಎಳೆದು ನೋಡಿ, ಮೂರು ತಿಂಗಳು ದಾಟಿಸಬೇಡಿ. ಅಲರ್ಜಿ ಇದ್ದರೆ ನಾಲ್ಕಿಂಚಿನ ಫಿಲ್ಟರ್ ಪೆಟ್ಟಿಗೆ ಕೂರಿಸಿ ಅದಕ್ಕೆ ಮರ್ವ್ 11 ಅಥವಾ 13 ಹಾಕಿಸಬಹುದು, ಅದರಲ್ಲಿ ಮಡಿಕೆ ಜಾಸ್ತಿ, ಗಾಳಿಗೆ ದಾರಿ ಇರುತ್ತದೆ. ನಾವು ಮಗಳ ಕೋಣೆಗೆ ಅತಿ ಸಣ್ಣ ಧೂಳನ್ನೂ ಹಿಡಿಯುವ ಒಂದು ಹೆಪಾ ಪ್ಯೂರಿಫೈಯರ್ ತಂದೆವು, ಕೆಲಸ ಮುಗಿಯಿತು. ನಮ್ಮ ಮನೆಗಳಲ್ಲಿ ಇನ್ನೊಂದಿದೆ, ಒಗ್ಗರಣೆ. ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಗೆ ತಳ್ಳುತ್ತದಾ, ಇಲ್ಲ ಮುಖಕ್ಕೇ ವಾಪಸ್ ಊದುತ್ತದಾ ನೋಡಿ. ಎಷ್ಟೋ ಮನೆಗಳಲ್ಲಿ ಊದುವಂಥದ್ದೇ ಇರುತ್ತದೆ. ಕಿಟಕಿ ತೆರೆಯದ ನಾಲ್ಕು ತಿಂಗಳು ಆ ಎಣ್ಣೆಹೊಗೆ, ಊದುಬತ್ತಿ ಎಲ್ಲ ಫಿಲ್ಟರ್‌ಗೇ ಹೋಗುತ್ತದೆ. ಮೂಗು ಒಣಗಿ ರಕ್ತ ಬರುತ್ತೆ ಅಂತ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರನ್ನು ಶೇಕಡಾ 50ಕ್ಕೆ ಏರಿಸಬೇಡಿ. ಕೊರೆಯುವ ಚಳಿಯಲ್ಲಿ ಕಿಟಕಿ ಗಾಜಿನ ಮೇಲೆ ನೀರು ಇಳಿದು ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ, 30ರ ಆಸುಪಾಸು ಸಾಕು. ಡಕ್ಟ್ ಕ್ಲೀನಿಂಗ್ ಅಂತ ಫೋನ್ ಮಾಡುವವರಿಗೆ, ಡಕ್ಟ್ ತೊಳೆದರೆ ಕಾಯಿಲೆ ತಪ್ಪುತ್ತದೆ ಅನ್ನುವುದು ಎಂದೂ ಸಾಬೀತಾಗಿಲ್ಲ ಅಂತ ಅಮೆರಿಕದ ಪರಿಸರ ಇಲಾಖೆಯೇ ಹೇಳಿದೆ ಅನ್ನಿ. ಬೂಷ್ಟು, ಇಲಿ ಇದ್ದರೆ ಮಾತ್ರ ಅದರ ಮಾತು.

ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇಲಿನಾಯ್‌ನಲ್ಲಿ 2007ರಿಂದ ಕಡ್ಡಾಯ, ಮಲಗುವ ಕೋಣೆಯಿಂದ 15 ಅಡಿಯೊಳಗೆ ಇರಬೇಕು. ಹಿಂದೆ ತಿರುಗಿಸಿ ತಾರೀಕು ನೋಡಿ. ಅದಕ್ಕೂ ಆಯುಷ್ಯ ಇದೆ, ಮಾದರಿ ನೋಡಿಕೊಂಡು 5ರಿಂದ 10 ವರ್ಷ. ಗುಂಡಿ ಒತ್ತಿದರೆ ಕೂಗುತ್ತದೆ ಅಂತ ಸಮಾಧಾನ ಬೇಡ, ಒತ್ತಿದಾಗ ಪರೀಕ್ಷೆಯಾಗುವುದು ಬ್ಯಾಟರಿ, ಸದ್ದು ಇಷ್ಟೇ. ತಾನಾಗಿ ಕೂಗಿದರೆ ಮಾತ್ರ ಮೊದಲು ಎಲ್ಲರೂ ಹೊರಗೆ, ಆಮೇಲೆ 911.

ಅದೇ ಚಳಿಯಲ್ಲಿ ನಮ್ಮ ಪರಿಚಯದ ತುಮಕೂರಿನ ಕುಟುಂಬವೊಂದಕ್ಕೂ ಅದೇ ಕಂಪನಿ ಕೆಂಪು ಚೀಟಿ ಕಟ್ಟಿತ್ತು. ಅವರು ಶುಕ್ರವಾರ ಸಂಜೆ 12,400ಕ್ಕೆ ಸಹಿ ಹಾಕಿದ್ದರು. ನಮ್ಮ ಕಥೆ ಕೇಳಿ ಶನಿವಾರ ಅಜ್ಜನನ್ನು ಕರೆಸಿದರು. ಅಚ್ಚರಿ ಅಂದರೆ ಅವರದು ನಿಜವಾಗಿಯೂ ಸೀಳಿತ್ತು. 22 ವರ್ಷದ ಹಳೆಯ ಫರ್ನೇಸ್, ವಾರಂಟಿ ಮುಗಿದಿತ್ತು, ಬೆರಳು ತೂರುವಷ್ಟು ತೂತು, ಹೊಗೆಯಲ್ಲಿ ಅಂಕಿ 400 ದಾಟಿತ್ತು. ಚೀಟಿ ಸರಿ, ಬೆಲೆ ಸುಲಿಗೆ. ಅಮೆರಿಕದ ಕೇಂದ್ರ ಸರ್ಕಾರದ ನಿಯಮವೊಂದು ಇಲ್ಲಿ ಕೈಹಿಡಿಯಿತು. ನೀವು ಕರೆದಿದ್ದು ರಿಪೇರಿಗೆ, ಅವರು ಮನೆಯಲ್ಲಿ ಕೂತು ಮಾರಿದ್ದು ಬೇರೇನೋ ಆದರೆ, ಮೂರನೇ ಕೆಲಸದ ದಿನದ ಮಧ್ಯರಾತ್ರಿಯೊಳಗೆ ಬರವಣಿಗೆಯಲ್ಲಿ ರದ್ದು ಮಾಡಬಹುದು. ಶನಿವಾರವೂ ಕೆಲಸದ ದಿನವೇ, ಲೆಕ್ಕ ತಪ್ಪಬೇಡಿ. ‘ತುರ್ತು ಇದೆ, ರದ್ದು ಮಾಡುವ ಹಕ್ಕು ಬಿಟ್ಟಿದ್ದೇನೆ’ ಅಂತ ನಿಮ್ಮ ಕೈಬರಹದಲ್ಲೇ ಬರೆಸಿಕೊಳ್ಳಲು ನೋಡುತ್ತಾರೆ. ಇವರು ಬರೆದುಕೊಟ್ಟಿರಲಿಲ್ಲ. ಸೋಮವಾರ ರದ್ದಿನ ಪತ್ರ ಹೋಯಿತು, ಮುಂಗಡ ವಾಪಸ್ ಬಂತು.

ಬೇರೆ ಮೂರು ಕಡೆ ಬೆಲೆ ಕೇಳಿದರು. 6,200ಕ್ಕೆ ಹೊಸದು ಬಂತು, ಅದೂ ಊರಿನ ಪರ್ಮಿಟ್ ಸೇರಿ. ಪರ್ಮಿಟ್ ಬೇಡ, ಸುಮ್ನೆ ಖರ್ಚು ಅನ್ನುವವನನ್ನು ಅಲ್ಲೇ ಬಿಡಿ. ಇವರ ಮನೆಗೆ ಊರಿನ ಇನ್‌ಸ್ಪೆಕ್ಟರ್ ಬಂದು ಲೆವೆಲ್ ಇಟ್ಟು ನೋಡಿದರೆ, ಹೊಗೆ ಹೋಗುವ ಪಿವಿಸಿ ಪೈಪು ಫರ್ನೇಸ್ ಕಡೆಗೆ ಇಳಿಜಾರಾಗಿರಲಿಲ್ಲ. ಹೊಗೆ ತಣಿದು ಆದ ನೀರು ಒಳಗೆ ನಿಂತು ನಾಳೆ ಅದೇ ಯಂತ್ರ ನಿಲ್ಲುತ್ತಿತ್ತು. ಕೂರಿಸಿದವರನ್ನು ವಾಪಸ್ ಕರೆಸಿ, ಪೈಪು ಮತ್ತೆ ಕಟ್ಟಿಸಿದ ಮೇಲೆಯೇ ಇನ್‌ಸ್ಪೆಕ್ಟರ್ ಪರ್ಮಿಟ್‌ಗೆ ಸಹಿ ಹಾಕಿದರು.